ಮಗಳನ್ನು ಲೆಕ್ಕಕ್ಕೆ ಹಿಡಿದ ಬೇಸಿಗೆ ಶಿಬಿರ

ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ರಾಶಿ ಎಷ್ಟು ಚೀಲ, ಬೆಟ್ಟೆ ಎಷ್ಟು, ಗೊರಬಲು ಎಷ್ಟು ಅಂತ ಇಪ್ಪತ್ತೆರಡು ವರ್ಷದಿಂದ ಬರೆದು ಬರೆದು, ಏನು ಕಂಡರೂ ಎಣಿಸುವುದು ಅಭ್ಯಾಸವಾಗಿದೆ. ಹೋದ ವರ್ಷ ಊರೊಳಗಿನ ಒಂದು ಬೇಸಿಗೆ ಶಿಬಿರಕ್ಕೆ ಮಗಳನ್ನು ಸೇರಿಸಿದ್ದೆ. ಅವಳಿಗೆ ಈಗ 11 ವರ್ಷ. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಮೆದುಳಿಗೆ ಆದ ತೊಂದರೆಯಿಂದ ಕೈಕಾಲು ಹತೋಟಿಗೆ ಬಾರದ ಸ್ಥಿತಿ. ಎರಡೂ ಕಾಲು ಬಿಗಿ, ಸ್ಪ್ಲಿಂಟ್ ಹಾಕಿಕೊಂಡು ವಾಕರ್ ಹಿಡಿದು ನಡೆಯುತ್ತಾಳೆ, ಮಾತು ನಿಧಾನ. ಓದಿನಲ್ಲಿ ತರಗತಿಯ ಯಾರಿಗೂ ಕಡಿಮೆಯಿಲ್ಲ. ಆ ಶಿಬಿರದಲ್ಲಿ ಒಂದು ಬೆಳಿಗ್ಗೆ ಪೂರ್ತಿ ಮರದ ಕೆಳಗೆ ಕೂತು ಪಾಕೆಟ್ ಪುಸ್ತಕದಲ್ಲಿ ಬರೆದಿಟ್ಟೆ. ಮೂರು ಗಂಟೆಯಲ್ಲಿ ಅವಳು ಆಡಿದ್ದು 11 ನಿಮಿಷ. ಉಳಿದ ಹೊತ್ತು ಚಪ್ಪಾಳೆ ತಟ್ಟಿದಳು, ಬೇರೆ ಮಕ್ಕಳ ಚಪ್ಪಲಿ, ನೀರಿನ ಬಾಟಲಿ ಕಾದಳು, ಸ್ಕೋರ್ ಬರೆದಳು. ಕೊನೆಯ ದಿನ ವೇದಿಕೆಗೆ ಕರೆದು ಎಲ್ಲರಿಗಿಂತ ದೊಡ್ಡ ಬಹುಮಾನದ ಕಪ್ಪು ಕೊಟ್ಟರು. ಆಟೋದಲ್ಲಿ ವಾಪಸ್ ಬರುವಾಗ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು, "ಅಪ್ಪಾ, ನಾನು ಯಾವ ಆಟದಲ್ಲಿ ಗೆದ್ದಿದ್ದು?"

ನಾನು ಉತ್ತರ ಹೇಳಲಿಲ್ಲ. ನಮ್ಮಲ್ಲಿ ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತಾರಲ್ಲ, ಅದನ್ನು ಪ್ರೀತಿಯಿಂದಲೇ ಮಾಡುತ್ತಾರೆ. ಆ ಪ್ರೀತಿ ಮಗುವಿಗೆ ಎಷ್ಟು ಭಾರ ಅಂತ ನನಗೆ ಆವತ್ತು ಗೊತ್ತಾಯಿತು.

ಈ ವರ್ಷ ಏಪ್ರಿಲ್‌ನಲ್ಲಿ ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆಯಲ್ಲಿ ಎಂಟು ದಿನದ ಶಿಬಿರಕ್ಕೆ ಕಳಿಸಿದೆ. ಅದರ ಬಗ್ಗೆ ಬರೆಯಬೇಕು ಅಂತಲೇ ಕೂತಿದ್ದೇನೆ. ನಡೆಸುವವರು ಊರಿನ ಯುವಕ ಯುವತಿಯರು, ಎಂಟು ಜನ. ಅವರ ಜೊತೆ ವಿಶೇಷ ಶಿಕ್ಷಕಿಯಾಗಿ ನಿವೃತ್ತರಾದ ಒಬ್ಬ ಟೀಚರು. ಹೆಸರು ಹಾಕಬೇಡಿ ಅಂತ ಅವರೇ ಕೇಳಿಕೊಂಡಿದ್ದಾರೆ, 26 ಮಕ್ಕಳಿಗಿಂತ ಹೆಚ್ಚು ತೆಗೆದುಕೊಳ್ಳುವ ಶಕ್ತಿ ಅವರಿಗೆ ಇಲ್ಲ. ಆ 26ರಲ್ಲಿ ಏಳು ಮಕ್ಕಳಿಗೆ ಒಂದಲ್ಲ ಒಂದು ವೈಕಲ್ಯ. ಉಳಿದ 19 ಅಕ್ಕಪಕ್ಕದ ಊರಿನ, ಶಿವಮೊಗ್ಗದ ಮಾಮೂಲಿ ಮಕ್ಕಳು. ಊಟ, ವಸತಿ ಎಲ್ಲ ಸೇರಿ ಒಂದು ಮಗುವಿಗೆ 3,200 ರೂಪಾಯಿ. ವಾಕರ್ ಇದೆ ಅಂತ ಜಾಸ್ತಿ ಕೇಳಲಿಲ್ಲ, ಪಾಪ ಅಂತ ಕಡಿಮೆಯನ್ನೂ ಮಾಡಲಿಲ್ಲ. ನನಗೆ ಎರಡೂ ಸರಿ ಅನ್ನಿಸಿತು.

ಇದಕ್ಕೆ ಮುಂಚೆ ಬೇರೆ ಎರಡು ಶಿಬಿರಗಳಿಗೆ ಫೋನ್ ಮಾಡಿದ್ದೆ. ವಾಕರ್ ಅಂದ ತಕ್ಷಣ ದನಿ ಬದಲಾಗುತ್ತದೆ. "ಜವಾಬ್ದಾರಿ ನಮ್ಮ ಮೇಲೆ ಬರುತ್ತೆ ಸಾರ್" ಅಂತ ಒಬ್ಬರು, "ನಿಮ್ಮ ಮನೆಯವರು ಒಬ್ಬರು ಇಡೀ ದಿನ ಜೊತೆಗಿದ್ದರೆ ನೋಡಬಹುದು" ಅಂತ ಇನ್ನೊಬ್ಬರು. ಕೆಟ್ಟವರು ಅಂತಲ್ಲ, ಹೆದರಿದವರು. ಆದರೂ ಅವರಿಗೂ ಗೊತ್ತಿರಲಿ ಅಂತ ಬರೆಯುತ್ತೇನೆ: ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ ಬರೀ ಶಾಲೆ, ನೌಕರಿ, ಬಸ್ ಪಾಸಿನ ಕಾಯ್ದೆಯಲ್ಲ. 1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯ ಇತ್ತು, ಇದರಲ್ಲಿ 21 ಇವೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಎರಡೂ ಸೇರಿ. 29ನೇ ಸೆಕ್ಷನ್ ಸಂಸ್ಕೃತಿ, ಮನರಂಜನೆಯ ಬಗ್ಗೆ, 30ನೇ ಸೆಕ್ಷನ್ ಕ್ರೀಡೆಯ ಬಗ್ಗೆ. 2007ರಲ್ಲಿ ಭಾರತ ಒಪ್ಪಿಕೊಂಡ ವಿಶ್ವಸಂಸ್ಥೆಯ ಒಡಂಬಡಿಕೆಯಲ್ಲಿ, ಆಟ, ಬಿಡುವಿನ ವಿನೋದ ಇದೆಲ್ಲ ಈ ಮಕ್ಕಳಿಗೆ ಉಳಿದ ಮಕ್ಕಳಷ್ಟೇ ಸಿಗಬೇಕು ಅಂತ ಬಿಡಿಸಿ ಬರೆದಿದೆ. ಆಟ ಅನ್ನುವುದು ಯಾರೋ ಮನಸ್ಸು ಮಾಡಿ ಕೊಡುವ ಉಪಕಾರ ಅಲ್ಲ.

ತೀರ್ಥಹಳ್ಳಿಯವರ ಫೋನ್ ಬೇರೆ ತರ ಇತ್ತು. ಟೀಚರೇ ಮಾಡಿದ್ದು, ಮುಕ್ಕಾಲು ಗಂಟೆ. ಡಾಕ್ಟರ ಚೀಟಿ ಏನು ಹೇಳುತ್ತದೆ ಅಂತ ಕೊನೆಯಲ್ಲಿ ಕೇಳಿದರು. ಮೊದಲು ಕೇಳಿದ್ದು, "ಕೂಸಿಗೆ ಎಂತ ಇಷ್ಟ?" ಆಮೇಲೆ, ದಣಿದಾಗ ಬಾಯಿಬಿಟ್ಟು ಹೇಳುತ್ತಾಳಾ, ಸುಮ್ಮನಾಗುತ್ತಾಳಾ? ಶೌಚಕ್ಕೆ ಹೋಗಬೇಕಾದರೆ ಯಾವ ಮಾತಲ್ಲಿ ಕೇಳುತ್ತಾಳೆ? ಎತ್ತಬೇಕಾಗಿ ಬಂದರೆ ಎಲ್ಲಿ ಹಿಡಿದರೆ ನೋಯುವುದಿಲ್ಲ? ಬಿದ್ದರೆ ತಾನೇ ಏಳಲು ಬಿಡಬೇಕಾ, ಕೈ ಕೊಡಬೇಕಾ? ಕೊನೆಯ ಪ್ರಶ್ನೆಗೆ ನನಗೆ ತಕ್ಷಣ ಹೇಳಲಾಗಲಿಲ್ಲ, ಮಗಳನ್ನೇ ಕೇಳಿದೆ. "ಹತ್ತು ಎಣಿಸಿ, ಆಮೇಲೆ ಬರಲಿ" ಅಂದಳು. ಅದನ್ನು ಹಾಗೇ ಬರೆದುಕೊಂಡರು. ಅವಳ ಬಿಗಿ ಸಡಿಲಿಸುವ ಮಾತ್ರೆ ಇದ್ದಕ್ಕಿದ್ದಂತೆ ನಿಲ್ಲಿಸುವಂಥದ್ದಲ್ಲ, ಹೊತ್ತು ಹೊತ್ತಿಗೆ ಕೊಡಬೇಕು. ಅದಕ್ಕೆ ಅವರಲ್ಲಿ ಒಂದು ಪುಸ್ತಕ ಇತ್ತು, ಕೊಟ್ಟವರು ಸಹಿ ಹಾಕುವುದು. ಮಂಡಿಯ ಆವಕದ ಪುಸ್ತಕದಷ್ಟೇ ಚೊಕ್ಕ.

ಮೊದಲ ದಿನ ನಾನು ಅಲ್ಲೇ ಉಳಿದೆ. ಜಗಲಿಯ ಗೋಡೆಗೆ ಒಂದು ಕರಿಹಲಗೆ ತೂಗುಹಾಕಿ ನಾಲ್ಕು ಮಾತು ಬರೆದಿದ್ದರು: ಜಾಗ, ನಿಯಮ, ಸಾಮಾನು, ಜನ. ಯಾವ ಆಟ ಯಾರಿಗೆ ಕೂಡಿಬರದಿದ್ದರೂ ಈ ನಾಲ್ಕರಲ್ಲಿ ಒಂದನ್ನು ಬದಲಾಯಿಸಿ ನೋಡುವುದು, ಮಗುವನ್ನು ಎಬ್ಬಿಸಿ ಆಚೆ ಕೂರಿಸುವುದು ಮಾತ್ರ ಇಲ್ಲ. ಟೀಚರು ಹೇಳಿದರು, ಇದು ಅವರು ಕಂಡುಹಿಡಿದದ್ದಲ್ಲ, ಹೊರದೇಶದ ಕ್ರೀಡಾ ತರಬೇತಿಯಲ್ಲಿ ಬಹಳ ಕಾಲದಿಂದ ಬಳಸುವ ದಾರಿ. ನಾನು ನೋಡಿದ್ದು ಅದು ಅಡಿಕೆ ತೋಟದೊಳಗೆ ಹೇಗೆ ಇಳಿಯಿತು ಅನ್ನುವುದನ್ನು.

ಸೀಟಿಯಿಂದ ಶುರುವಾಯಿತು. ಮೊದಲ ಆಟಕ್ಕೆ ಒಬ್ಬ ಹುಡುಗ ಸೀಟಿ ಊದಿದ. ನನ್ನ ಮಗಳು ವಾಕರ್ ಸಮೇತ ಪಕ್ಕಕ್ಕೆ ವಾಲಿ ಬಿದ್ದಳು. ಸೆರೆಬ್ರಲ್ ಪಾಲ್ಸಿ ಇರುವ ಎಷ್ಟೋ ಮಕ್ಕಳಿಗೆ ಹಠಾತ್ತಾಗಿ ಸದ್ದಾದರೆ ಮೈ ಪೂರ್ತಿ ಬಿಗಿದುಕೊಳ್ಳುತ್ತದೆ, ಅವರ ಕೈಯಲ್ಲಿ ಇಲ್ಲ. ಹಾಗಂತ ಸದ್ದೇ ಬೇಡ ಅನ್ನುವಂತಿಲ್ಲ, ಕಣ್ಣು ಕಾಣದ ಹುಡುಗನಿಗೆ ಆಟ ಶುರುವಾಗಿದ್ದು ಗೊತ್ತಾಗುವುದೇ ಸದ್ದಿನಿಂದ. ಬರೀ ಸದ್ದೂ ಸಾಲದು, ಸಾಗರದಿಂದ ಬಂದ ಹುಡುಗಿಗೆ ಕಿವಿ ಕೇಳುವುದಿಲ್ಲ. ಐದು ನಿಮಿಷ ಎಲ್ಲರೂ ನಿಂತೇ ಯೋಚಿಸಿದರು. ಕೊಟ್ಟಿಗೆಯಿಂದ ದನದ ಕೊರಳಿನ ಮರದ ಗಂಟೆ ಬಂತು. ಲೊಟ ಲೊಟ ಅಂತ ಮೆತ್ತಗೆ ಶುರುವಾಗಿ ಏರುವ ಸದ್ದು. ಒಂದು ಕೈಯಲ್ಲಿ ಗಂಟೆ, ಇನ್ನೊಂದು ಕೈಯಲ್ಲಿ ಕೆಂಪು ಪಂಚೆಯ ತುಂಡು, ಎರಡೂ ಒಟ್ಟಿಗೆ ಮೇಲೆ. ಎಂಟೂ ದಿನ ಅದೇ ನಡೆಯಿತು. ಆ ಗಂಟೆ ಯಾವ ಹಸುವಿನದ್ದು ಅಂತ ಮಗಳು ಮನೆಗೆ ಬಂದ ಮೇಲೂ ಹೇಳುತ್ತಿದ್ದಳು.

ಮಧ್ಯಾಹ್ನ ಹಾಳೆ ಎಳೆಯುವ ಆಟ. ಮಲೆನಾಡಿನಲ್ಲಿ ಬೆಳೆದವರಿಗೆ ಹೇಳಬೇಕಿಲ್ಲ, ಸೋಗೆ ಸಮೇತ ಬಿದ್ದ ಅಡಿಕೆ ಹಾಳೆಯ ಮೇಲೆ ಒಬ್ಬರು ಕೂರುವುದು, ಒಬ್ಬರು ಸೋಗೆ ಹಿಡಿದು ಅಂಗಳದ ತುಂಬ ಎಳೆದುಕೊಂಡು ಓಡುವುದು. ನಾನೂ ಆಡಿದ್ದೇನೆ, ಚಡ್ಡಿ ಸವೆಸಿಕೊಂಡು ಬೈಸಿಕೊಂಡಿದ್ದೇನೆ. ಈ ಆಟದಲ್ಲಿ ಕೂತವರಿಗೆ ಕಾಲಿನ ಕೆಲಸವೇ ಇಲ್ಲ ಅನ್ನುವುದು ಮಾತ್ರ ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ. ಬೆನ್ನು ನಿಲ್ಲದ ಒಬ್ಬ ಹುಡುಗನನ್ನು ದೊಡ್ಡ ಹಾಳೆಯಲ್ಲಿ ಕೂರಿಸಿ, ಹಿಂದೆ ಇನ್ನೊಬ್ಬ ಕೂತು ಎದೆಗೆ ಒರಗಿಸಿಕೊಂಡ. ಎಳೆಯಲು ಇಬ್ಬರು. ನನ್ನ ಮಗಳ ಹಾಳೆ ಎಳೆದದ್ದು ಕಣ್ಣು ಕಾಣದ ಹುಡುಗ, 13 ವರ್ಷದವ, ಒಳ್ಳೆ ಕಸುವಿನ ಆಳು. ದಾರಿ ಹೇಳುವುದು ಇವಳ ಕೆಲಸ. "ಎಡ... ಎಡ... ನೇರ..." ಅನ್ನುವಷ್ಟರಲ್ಲಿ ಅವನು ಮೂರು ಮಾರು ಮುಂದೆ ಹೋಗಿರುತ್ತಿದ್ದ. ಎರಡನೇ ಸುತ್ತಿನಲ್ಲಿ ಇಬ್ಬರೂ ಸೀದಾ ದಾಸವಾಳದ ಬೇಲಿಯೊಳಗೆ. ಇವಳ ಮೊಣಕೈ ತರಚಿತು. ನಾನು ಎದ್ದು ಓಡಬೇಕು ಅನ್ನುವಾಗ ಟೀಚರು ನನ್ನ ತೋಳು ಹಿಡಿದರು, ಬಾಯಲ್ಲಿ ಎಣಿಸುತ್ತಿದ್ದರು. ಎಂಟಕ್ಕೆ ಮಗಳು ಕೂಗಿದಳು, "ನೀನು ಮೆಲ್ಲ ಎಳಿ ಮಾರಾಯ, ನಾನು ಮಾತು ಮುಗಿಸಬೇಕಲ್ಲ!" ಅವನು, "ಹಂಗಾದ್ರೆ ನೀನು ಎಡ ಅನ್ನಬೇಡ, ಎಡಗಡೆ ಹಗ್ಗ ಜಗ್ಗು" ಅಂದ. ಅಲ್ಲೇ ಎರಡು ಬಾಳೆನಾರಿನ ಹಗ್ಗ ಕಟ್ಟಿಕೊಂಡರು, ಅವನ ಎರಡೂ ಮೊಣಕೈಗೆ ಒಂದೊಂದು. ಯಾವ ದೊಡ್ಡವರೂ ಹೇಳಿಕೊಟ್ಟದ್ದಲ್ಲ.

ಆ ಹುಡುಗ ತನ್ನದೇ ಚೆಂಡು ತಂದಿದ್ದ, ಗಟ್ಟಿ ಪ್ಲಾಸ್ಟಿಕ್ಕಿನದು, ಒಳಗೆ ಸಣ್ಣ ಉಕ್ಕಿನ ಗುಂಡು, ಉರುಳಿದರೆ ಗಲಗಲ. ಅಂಧರ ಕ್ರಿಕೆಟ್ಟಿನ ಚೆಂಡು. ಸಂಜೆ ಎಲ್ಲರಿಗೂ ಕಲಿಸಿದ. ಭುಜದ ಕೆಳಗಿನಿಂದ ಎಸೆಯಬೇಕು. ಬೌಲರ್ "ರೆಡಿ?" ಅನ್ನಬೇಕು, ಬ್ಯಾಟ್ಸ್‌ಮನ್ "ಎಸ್" ಅಂದ ಮೇಲೆ "ಪ್ಲೇ" ಅಂತ ಹೇಳಿ ಎಸೆಯಬೇಕು. ಹನ್ನೊಂದು ಜನರಲ್ಲಿ ನಾಲ್ಕು ಮಂದಿಯಾದರೂ ಪೂರ್ತಿ ದೃಷ್ಟಿ ಇಲ್ಲದವರು ಇರಬೇಕು, ಅವರು ಹೊಡೆದ ಒಂದು ರನ್ನಿಗೆ ಎರಡು ಲೆಕ್ಕ. ಇದು ಕರುಣೆಯ ರನ್ನಲ್ಲ, ಆಟದ ನಿಯಮವೇ. ಅವನಿಗೆ ದೇವರು ಅಂದರೆ ಶೇಖರ್ ನಾಯ್ಕ್. ನಮ್ಮ ಜಿಲ್ಲೆಯವರು, ಶಿವಮೊಗ್ಗದ ಶಾರದಾದೇವಿ ಅಂಧರ ಶಾಲೆಯಲ್ಲಿ ಓದಿದವರು, ಅವರ ನಾಯಕತ್ವದಲ್ಲಿ ಭಾರತ 2012ರಲ್ಲಿ ಬೆಂಗಳೂರಿನಲ್ಲಿ ಅಂಧರ ಟಿ-20 ವಿಶ್ವಕಪ್ ಗೆದ್ದಿತು, 2014ರಲ್ಲಿ ಏಕದಿನ ವಿಶ್ವಕಪ್ಪನ್ನೂ ಗೆದ್ದಿತು, 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇದನ್ನೆಲ್ಲ ಆ ಹುಡುಗ ಗಡಗಡ ಒಪ್ಪಿಸುತ್ತಿದ್ದ. ಕಣ್ಣು ಕಾಣುವ ಮಕ್ಕಳು ಬಟ್ಟೆ ಕಟ್ಟಿಕೊಂಡು ಆಡಿದರು, ಒಬ್ಬನೂ ಚೆಂಡು ಮುಟ್ಟಲಿಲ್ಲ, ಅವನು ಮೂರು ಓವರ್ ಔಟಾಗದೆ ನಿಂತ. ಅಂಥ ಚೆಂಡು ಸಿಗದಿದ್ದರೆ ಮಾಮೂಲಿ ಚೆಂಡಿಗೆ ಪರಪರ ಅನ್ನುವ ಪ್ಲಾಸ್ಟಿಕ್ ಕವರ್ ಸುತ್ತಿ ಕಟ್ಟಿದರೂ ನಡೆಯುತ್ತದೆ, ಅದನ್ನೂ ಮಾಡಿ ತೋರಿಸಿದರು.

ಇನ್ನು ಬೊಚ್ಚಾ. ಈ ಆಟದ ಹೆಸರನ್ನೇ ನಾನು ಕೇಳಿರಲಿಲ್ಲ. ನನ್ನ ಮಗಳಂಥವರಿಗಾಗಿಯೇ ಬೆಳೆದ ಆಟ, 1984ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಒಂದು ಬಿಳಿ ಚೆಂಡು, ಆರು ಕೆಂಪು, ಆರು ನೀಲಿ. ಕೂತಲ್ಲಿಂದಲೇ ನಮ್ಮ ಬಣ್ಣದ ಚೆಂಡನ್ನು ಬಿಳಿ ಚೆಂಡಿಗೆ ಆದಷ್ಟು ಹತ್ತಿರ ಕಳಿಸುವುದು. ಕೇಳಲು ಸುಲಭ, ಆಡಲು ಕೂತರೆ ಚದುರಂಗದ ಹಾಗೆ ತಲೆ ಓಡಿಸಬೇಕು. ಅಸಲಿ ಚೆಂಡು ಸುಮಾರು 275 ಗ್ರಾಂ ತೂಗುತ್ತದಂತೆ. ಇಲ್ಲಿ ದಪ್ಪ ಬಟ್ಟೆಯ ಚೀಲಕ್ಕೆ ಭತ್ತ ತುಂಬಿ, ತಕ್ಕಡಿಯಲ್ಲಿ ತೂಗಿ ಹೊಲಿದಿದ್ದರು. ಕೈಯಲ್ಲಿ ಎಸೆಯಲಾಗದವರು ಇಳಿಜಾರಿನ ದೋಣಿಯಿಂದ ಚೆಂಡು ಉರುಳಿಸಬಹುದು ಅಂತ ನಿಯಮದಲ್ಲೇ ಇದೆ. ಅದಕ್ಕೆ ಇವರು ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ತಿರುಳು ತೆಗೆದು, ನುಣ್ಣಗೆ ಉಜ್ಜಿ ಇಟ್ಟಿದ್ದರು.

ಆ ದೋಣಿಯ ನಿಯಮವೊಂದು ನನ್ನನ್ನು ಈಗಲೂ ಬಿಟ್ಟಿಲ್ಲ. ದೋಣಿ ಹಿಡಿದು ಅತ್ತಿತ್ತ ತಿರುಗಿಸಲು ಆಟಗಾರನಿಗೆ ಒಬ್ಬ ಸಹಾಯಕ ಇರಬಹುದು, ಆದರೆ ಆ ಸಹಾಯಕ ಆಟದ ಅಂಕಣಕ್ಕೆ ಬೆನ್ನು ಹಾಕಿ ಕೂರಬೇಕು. ತಿರುಗಿ ನೋಡುವಂತಿಲ್ಲ, ಸಲಹೆ ಕೊಡುವಂತಿಲ್ಲ. ಹೊಸನಗರದ ಕಡೆಯ ಒಬ್ಬ ತಾಯಿ ಮಗನ ಜೊತೆಗೇ ಉಳಿದಿದ್ದರು. ಹುಡುಗನಿಗೆ ಕೈಕಾಲು ನಾಲ್ಕೂ ಸ್ವಾಧೀನ ಕಡಿಮೆ, ಮಾತಿಲ್ಲ, ಕಣ್ಣಲ್ಲೇ ಹೇಳುತ್ತಾನೆ. ಹತ್ತು ವರ್ಷ ಅವನ ಪರವಾಗಿ ಎಲ್ಲವನ್ನೂ ಹೇಳಿದ ತಾಯಿ ಅವನ ಎದುರಿಗೆ, ಆಟಕ್ಕೆ ಬೆನ್ನು ಹಾಕಿ ಕೂತರು. ಅವನು ಕಣ್ಣು ಎಡಕ್ಕೆ ಹೊರಳಿಸಿದರೆ ದೋಣಿ ಎಡಕ್ಕೆ, ಬಲಕ್ಕೆ ಹೊರಳಿಸಿದರೆ ಬಲಕ್ಕೆ, ಮುಚ್ಚಿದರೆ ಸಾಕು ಅಂತ. ಚೆಂಡು ಉರುಳಿತು. ಹಿಂದೆ ಮಕ್ಕಳೆಲ್ಲ ಹೋ ಅಂದರು. ಆ ತಾಯಿ ತಿರುಗಲಿಲ್ಲ, ಮಗನ ಮುಖ ನೋಡಿಯೇ ಚೆಂಡು ಎಲ್ಲಿಗೆ ಹೋಯಿತು ಅಂತ ಅರ್ಥ ಮಾಡಿಕೊಂಡರು. ನಾನು ಜಗಲಿಯಿಂದ ಎದ್ದು ತೋಟದ ಕಡೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ಆ ರಾತ್ರಿ ಬಸ್ಸಿಗೆ ವಾಪಸ್ ಬಂದೆ, ಮತ್ತೆ ಹೋಗಿದ್ದು ಐದನೇ ದಿನ, ಸ್ಪ್ಲಿಂಟಿನ ಪಟ್ಟಿ ಕಿತ್ತುಹೋಗಿದೆ ಅಂತ ಫೋನ್ ಬಂದಾಗ. ಹೋಗುವಷ್ಟರಲ್ಲಿ ಅಂಗಳದಲ್ಲಿ ಲಗೋರಿ ನಡೆದಿತ್ತು.

ಮೊದಲ ಸಲ ಲಗೋರಿ ಬಂದಾಗ ಊರ ಹುಡುಗನೊಬ್ಬ ಸಹಜವಾಗಿ, "ಅವಳು ಆಟಕ್ಕುಂಟು ಲೆಕ್ಕಕ್ಕಿಲ್ಲ" ಅಂದಿದ್ದನಂತೆ. ಶಿಬಿರದ ಅಕ್ಕ ಅವನನ್ನು ಬೈಯಲಿಲ್ಲ. ಎಲ್ಲರನ್ನೂ ಕೂರಿಸಿ, "ಲೆಕ್ಕಕ್ಕೆ ಬರಬೇಕಾದರೆ ಎಂತ ಬದಲಾಯಿಸಬೇಕು, ನೀವೇ ಹೇಳಿ" ಅಂದರಂತೆ. ನಿಯಮ ಮಕ್ಕಳೇ ಕಟ್ಟಿದ್ದು. ಏಳು ಕಲ್ಲುಬಿಲ್ಲೆಗಳನ್ನು ನೆಲದ ಮೇಲಲ್ಲ, ಸೊಂಟದೆತ್ತರದ ಜಂಬಿಟ್ಟಿಗೆ ಕಲ್ಲಿನ ಮೇಲೆ ಇಡುವುದು. ಚೆಂಡು ಎಸೆಯಲು ಮೂರು ಗೆರೆ, ಯಾರು ಯಾವ ಗೆರೆ ಅಂತ ಅವರವರೇ ಆರಿಸಿಕೊಳ್ಳುವುದು. ಎದುರಾಳಿಗಳು ಚೆಂಡು ಸಿಕ್ಕ ತಕ್ಷಣ ಹೊಡೆಯುವಂತಿಲ್ಲ, ಮೂರು ಕೈ ದಾಟಿಸಿಯೇ ಹೊಡೆಯಬೇಕು. ಮೂರನೆಯ ನಿಯಮವೇ ಪ್ರಾಣ. ಅದು ನನ್ನ ಮಗಳಿಗೆ ಮಾತ್ರ ಅಲ್ಲ, ಎಲ್ಲರಿಗೂ. ಮೊದಲು ಒಬ್ಬಿಬ್ಬರು ಬಿರುಸಿನ ಹುಡುಗರೇ ಆಟ ಪೂರ್ತಿ ನುಂಗುತ್ತಿದ್ದರು, ಈಗ ಸುಮ್ಮನೆ ನಿಲ್ಲುತ್ತಿದ್ದ ಮಕ್ಕಳ ಕೈಗೂ ಚೆಂಡು ಬಂತು. ಚೆನ್ನಾಗಿ ಓಡಬಲ್ಲ ಹುಡುಗನೇ ನನಗೆ ಹೇಳಿದ, "ಅಂಕಲ್, ಇದು ಹಳೇ ಲಗೋರಿಗಿಂತ ಕಷ್ಟ."

ನಾನು ಬೇಲಿಯ ಹತ್ತಿರ ನಿಂತೆ. ಮಗಳ ಕಡೆಯವರು ಗೋಪುರ ಬೀಳಿಸಿದ್ದರು. ಅವಳು ಕಲ್ಲಿಗೆ ಮೈ ಒರಗಿಸಿ, ಒಂದು ಕೈಯಲ್ಲಿ ವಾಕರ್ ಹಿಡಿದು ಇನ್ನೊಂದರಲ್ಲಿ ಬಿಲ್ಲೆ ಜೋಡಿಸುತ್ತಿದ್ದಳು. ಅವಳ ಬೆರಳು ಬಿಲ್ಲೆಯನ್ನು ಹಿಡಿಯುವುದು ಸುಲಭ, ಬಿಡುವುದು ಕಷ್ಟ. ಐದನೆಯದು ಕೂತಿತು. ಆರನೆಯದು ಎತ್ತಿಕೊಂಡಳು. ಅಷ್ಟರಲ್ಲಿ ಚೆಂಡು ಒಂದು ಕೈ, ಎರಡು ಕೈ, ಮೂರು ಕೈ ದಾಟಿ ಬಂದು ಟಣ್ ಅಂತ ವಾಕರಿನ ಸರಳಿಗೆ ಬಡಿಯಿತು.

ಜಗಳ ಶುರು. ವಾಕರಿಗೆ ತಾಗಿದರೆ ಔಟಾ? ಅದು ಕಬ್ಬಿಣ, ಮೈಯಲ್ಲ ಅಂತ ಇವಳ ಕಡೆಯವರು. ಕೈಯಲ್ಲಿ ಹಿಡಿದಿದ್ದಾಳಲ್ಲ, ಔಟೇ ಅಂತ ಆ ಕಡೆಯವರು. ಹಾಗಾದರೆ ಕನ್ನಡಕಕ್ಕೆ ತಾಗಿದರೆ? ಚಪ್ಪಲಿಗೆ ತಾಗಿದರೆ? ದೊಡ್ಡವರು ಯಾರೂ ಬಾಯಿ ಹಾಕಲಿಲ್ಲ. ಹತ್ತು ನಿಮಿಷ ಕೂಗಾಟ. ಮಗಳು ಏನೋ ಹೇಳಲು ಹೊರಟಿದ್ದಳು, ಅವಳ ಮಾತು ಹೊರಡುವುದು ತಡ, ಎಲ್ಲರ ಗದ್ದಲದಲ್ಲಿ ಮುಳುಗುತ್ತಿತ್ತು. ಕಿವಿ ಕೇಳದ ಹುಡುಗಿಯೇ ಅದನ್ನು ಮೊದಲು ಕಂಡಳು, ಹೋಗಿ ಕೆಂಪು ಬಟ್ಟೆ ಎತ್ತಿ ಹಿಡಿದಳು. ಸದ್ದು ನಿಂತಿತು.

"ವಾಕರು ನನ್ನ ಕಾಲೇ," ಅಂದಳು ಮಗಳು. "ಔಟ್."

ಆಮೇಲೆ ಪಕ್ಕಕ್ಕೆ ಬಂದು ಕೂತು ಅತ್ತಳು. ಸೋತದ್ದಕ್ಕೆ, ಎರಡೇ ಬಿಲ್ಲೆ ಬಾಕಿ ಇತ್ತಲ್ಲ ಅಂತ. ನಾನು ಹತ್ತಿರ ಹೋದರೆ, "ಈಗ ಮಾತಾಡಿಸಬೇಡ ಅಪ್ಪಾ" ಅಂದಳು. ಸ್ಪ್ಲಿಂಟಿಗೆ ಹೊಸ ಪಟ್ಟಿ ಹಾಕಿಕೊಟ್ಟು ಸುಮ್ಮನೆ ಬಂದೆ. ಔಟಾಗಿ ಅಳುವ ಮಗಳನ್ನು ನಾನು ಹನ್ನೊಂದು ವರ್ಷದಲ್ಲಿ ನೋಡಿದ್ದು ಅದೇ ಮೊದಲು.

ಊಟದ ವಿಚಾರ ಬೇಗ ಹೇಳಿಬಿಡುತ್ತೇನೆ, ಚೆನ್ನಾಗಿತ್ತು. ಬೆಳಿಗ್ಗೆ ಕಡುಬು ಅಥವಾ ತೆಳ್ಳೇವು, ಮಧ್ಯಾಹ್ನ ಅನ್ನ, ಸಾರು, ಅಪ್ಪೆಹುಳಿ, ಸಂಜೆ ಹಲಸಿನ ಹಪ್ಪಳ. ನೆಲದ ಪಂಕ್ತಿ ಬಿಟ್ಟು ಎಲ್ಲರಿಗೂ ಬೆಂಚು ಹಾಕಿದ್ದರು. ತೆಳುವಾದದ್ದು ಕುಡಿದರೆ ನೆತ್ತಿಗೆ ಹತ್ತುವ ಒಂದು ಮಗುವಿಗೆ ಗಂಜಿಯನ್ನು ಗಟ್ಟಿ ಮಾಡಿ, ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಮಾಡಿಸಿ, ಚಮಚದಲ್ಲಿ ಕೊಡುತ್ತಿದ್ದರು. ಅಡುಗೆಯವರಿಗೂ ಅದನ್ನು ಹೇಳಿಕೊಟ್ಟಿದ್ದು ನನಗೆ ಮೆಚ್ಚಿಗೆಯಾಯಿತು.

ಆಟಿಸಂ ಇರುವ ಹುಡುಗನಿಗೆ ದಿನದ ಕೆಲಸದ ಚಿತ್ರಗಳನ್ನು ಸಾಲಾಗಿ ಹಗ್ಗಕ್ಕೆ ಸಿಕ್ಕಿಸಿದ್ದರು, ಒಂದು ಮುಗಿದರೆ ಅವನೇ ಒಂದು ತೆಗೆದು ಡಬ್ಬಿಗೆ ಹಾಕುತ್ತಿದ್ದ. ನಾಲ್ಕನೇ ದಿನ ಅಶ್ವಿನಿ ಮಳೆ ಗುಡುಗು ಸಿಡಿಲಿನ ಜೊತೆ ಹೊಡೆದಾಗ ಪಟ್ಟಿಯಲ್ಲಿದ್ದ ಹೊಳೆಗೆ ಹೋಗುವ ಚಿತ್ರ ಸುಳ್ಳಾಯಿತು. ಅವನು ಕಿವಿ ಮುಚ್ಚಿಕೊಂಡು ಒಂದು ಗಂಟೆ ಕೂಗಿದನಂತೆ. ಅವನಿಗಾಗಿ ಮೊದಲೇ ಒಂದು ಕತ್ತಲೆ ಕೋಣೆ, ಕಂಬಳಿ, ಕಿವಿಗೆ ಹಾಕುವ ಮಫ್ ಇಟ್ಟಿದ್ದರು. ಮಾರನೇ ದಿನದಿಂದ ಪಟ್ಟಿಗೆ ಮಳೆಯ ಚಿತ್ರವೊಂದು ಸೇರಿತು, ಮಳೆ ಬಂದರೆ ಇದು ಅಂತ. ಮಲೆನಾಡಿನಲ್ಲಿ ಶಿಬಿರ ಮಾಡುವವರು ಅದನ್ನು ಮೊದಲ ದಿನವೇ ಸೇರಿಸಬೇಕಿತ್ತು.

ಕೊರತೆಗಳನ್ನೂ ಹೇಳಲೇಬೇಕು. ಸುಮ್ಮನೆ ಹೊಗಳಿದರೆ ಬೇರೆ ತಂದೆ ತಾಯಿಗೆ ಮೋಸ ಮಾಡಿದ ಹಾಗೆ.

ಮೊದಲನೆಯದು ಬಚ್ಚಲು. ಹಳೇ ಮನೆಯ ಬಚ್ಚಲಿನ ಬಾಗಿಲು ಅಳೆದು ನೋಡಿದೆ, 23 ಇಂಚು. ಮಗಳ ವಾಕರ್ 22, ಹಾಗೂ ಹೀಗೂ ತೂರುತ್ತದೆ. ಗಾಲಿಕುರ್ಚಿ ಹೋಗುವುದೇ ಇಲ್ಲ. ಇಬ್ಬರು ಮಕ್ಕಳನ್ನು ಎಂಟೂ ದಿನ ಎತ್ತಿಕೊಂಡೇ ಒಳಗೆ ಹೋಗಬೇಕಾಯಿತು, ಅದರಲ್ಲಿ ಒಬ್ಬ 14 ವರ್ಷದ ಹುಡುಗ. ಅಂಗಳದಲ್ಲಿ ಅಷ್ಟು ಮರ್ಯಾದೆ ಕೊಟ್ಟು ಬಚ್ಚಲ ಬಾಗಿಲಲ್ಲಿ ಕಸಿದುಕೊಂಡ ಹಾಗಾಯಿತು. ನೆಲದ ಪಾಚಿಯನ್ನು ಉಜ್ಜಿ ರಬ್ಬರ್ ಹಾಸು ಹಾಕಿದ್ದರು, ಗೋಡೆಗೆ ಹಿಡಿಕೆ ಇರಲಿಲ್ಲ.

ಎರಡನೆಯದು ಸಕ್ರೆಬೈಲು. ಆರನೇ ದಿನ ಆನೆ ಬಿಡಾರಕ್ಕೆ ಕರೆದುಕೊಂಡು ಹೋದರು. ಶಿವಮೊಗ್ಗದಿಂದ ಸುಮಾರು 14 ಕಿಲೋಮೀಟರ್, ತೀರ್ಥಹಳ್ಳಿ ರಸ್ತೆಯಲ್ಲೇ. ಬೆಳಿಗ್ಗೆ ತುಂಗೆಯ ಹಿನ್ನೀರಿನಲ್ಲಿ ಆನೆಗಳಿಗೆ ಸ್ನಾನ ಮಾಡಿಸುತ್ತಾರೆ, ಯಾವ ಮಗುವಿಗೆ ಬೇಡ? ಜನ ಕಡಿಮೆ ಇರಲಿ ಅಂತ ಭಾನುವಾರ ಬಿಟ್ಟು ವಾರದ ಮಧ್ಯೆ ಹೋದದ್ದು ಒಳ್ಳೆಯ ಯೋಚನೆ. ಆದರೆ ಶಿಬಿರದವರು ಯಾರೂ ಮುಂಚೆ ಗಾಲಿಕುರ್ಚಿ ತಳ್ಳಿಕೊಂಡು ಹೋಗಿ ದಂಡೆ ನೋಡಿ ಬಂದಿರಲಿಲ್ಲ. ಹಿಂದಿನ ರಾತ್ರಿಯ ಮಳೆಗೆ ಇಳಿಜಾರು ಕೆಸರಾಗಿತ್ತು, ಚಕ್ರ ಹೂತುಕೊಂಡಿತು, ಎರಡು ಕುರ್ಚಿಯ ಮಕ್ಕಳು ದೂರದಿಂದಲೇ ನೋಡಿದರು. ಆ ದಿನ ಅವರು ಮತ್ತೆ ಆಟಕ್ಕುಂಟು ಲೆಕ್ಕಕ್ಕಿಲ್ಲ ಆದರು. ನಾನು ಇದನ್ನು ಟೀಚರಿಗೆ ನೇರವಾಗಿ ಹೇಳಿದೆ. ಅವರು ಸಮಜಾಯಿಷಿ ಕೊಡಲಿಲ್ಲ, "ಹೌದು, ತಪ್ಪಾಯಿತು" ಅಂತ ಪುಸ್ತಕದಲ್ಲಿ ಬರೆದುಕೊಂಡರು.

ಮೂರನೆಯದು ಇದಕ್ಕಿಂತ ದೊಡ್ಡದು. ಸನ್ನೆ ಭಾಷೆ ಚೆನ್ನಾಗಿ ಬರುತ್ತಿದ್ದದ್ದು ಒಬ್ಬ ಹುಡುಗಿಗೆ ಮಾತ್ರ. ಅವಳು ಜ್ವರ ಬಂದು ಎರಡು ದಿನ ಮನೆಗೆ ಹೋದಳು. ಮಕ್ಕಳೆಲ್ಲ ನಮಸ್ಕಾರ, ನೀರು, ಊಟ, ಬಾ, ಸಾಕು ಅಂತ ಮೂವತ್ತು ಸನ್ನೆ ಕಲಿತಿದ್ದರು, ಆಟಕ್ಕೆ ಅಷ್ಟು ಸಾಕು. ಹೊಟ್ಟೆನೋವು ಯಾಕೆ ಬಂತು, ಮನೆಯ ನೆನಪಾಗುತ್ತಿದೆ ಅಂತ ಹೇಳಿಕೊಳ್ಳಲು ಸಾಲದು. ಆ ಎರಡು ರಾತ್ರಿ ಸಾಗರದ ಕೂಸು ಗೋಡೆ ಕಡೆ ತಿರುಗಿ ಮಲಗಿದ್ದಳು ಅಂತ ನನ್ನ ಮಗಳು ಹೇಳಿದಳು. ಕಿವಿ ಕೇಳದ ಮಗುವನ್ನು ಸೇರಿಸಿಕೊಳ್ಳುವುದಾದರೆ ಸನ್ನೆ ಬಲ್ಲವರು ಕಡಿಮೆ ಅಂದರೂ ಇಬ್ಬರಿರಬೇಕು. ಇದರಲ್ಲಿ ನನಗೆ ರಾಜಿಯಿಲ್ಲ.

ಕೊನೆಯ ದಿನದ ಸಂಜೆಗೆ ಯಕ್ಷಗಾನ ಕಲಿಸುತ್ತಾರೆ ಅಂತ ಮೊದಲು ಕೇಳಿದಾಗ ನನಗೆ ಹಳೇ ಕಪ್ಪು ನೆನಪಾಗಿತ್ತು, ಕುಣಿಯುವ ಮಕ್ಕಳ ಮಧ್ಯೆ ಇವಳನ್ನು ಎಲ್ಲಿ ನಿಲ್ಲಿಸುತ್ತಾರೋ ಅಂತ. ಅವರು ಮಾಡಿಸಿದ್ದು ತಾಳಮದ್ದಳೆ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತಾಗ ನಮ್ಮ ಕಡೆ ಜಗಲಿಯಲ್ಲಿ, ದೇವಸ್ಥಾನದಲ್ಲಿ ನಡೆಯುವುದಲ್ಲ, ಅದು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥ ಹೇಳುವವರೆಲ್ಲ ಕೂತೇ ಮಾತಾಡುತ್ತಾರೆ. ಎಷ್ಟೋ ಕಾಲದಿಂದ ನಮ್ಮ ಪಕ್ಕದಲ್ಲೇ ಇದ್ದ ಕಲೆ, ಅದರಲ್ಲಿ ಯಾರೂ ಎದ್ದು ನಿಲ್ಲಬೇಕಾಗಿಲ್ಲ.

ಮಗಳು ಕೌರವ. ಸಂಧಾನಕ್ಕೆ ಬಂದ ಕೃಷ್ಣನ ಎದುರು ಕೂತಳು. ಕೃಷ್ಣ ಶಿವಮೊಗ್ಗದ ಒಬ್ಬ ಚುರುಕು ಹುಡುಗಿ, ಅರಳು ಹುರಿದ ಹಾಗೆ ಮಾತು. ಐದು ಊರಾದರೂ ಕೊಡು ಅಂದಳು. ನನ್ನ ಮಗಳು ಉತ್ತರಿಸಲು ಹೊತ್ತು ತೆಗೆದುಕೊಂಡಳು. ಭಾಗವತರು ಅವಸರ ಮಾಡಲಿಲ್ಲ, ಮದ್ದಳೆಯವರು ಮೆಲ್ಲಗೆ ನಡೆ ಹಿಡಿದುಕೊಂಡೇ ಇದ್ದರು. ಕಿವಿ ಕೇಳದ ಹುಡುಗಿ ಮದ್ದಳೆ ಇಟ್ಟ ಮಣೆಯ ಮೇಲೆ ಅಂಗೈ ಊರಿ ಕೂತಿದ್ದಳು, ಆಟಿಸಂನ ಹುಡುಗ ಮಫ್ ಹಾಕಿಕೊಂಡು ತಾಳ ಹಿಡಿದಿದ್ದ, ಒಂದು ಪೆಟ್ಟೂ ತಪ್ಪಲಿಲ್ಲ. ಆಮೇಲೆ ಕೌರವ ಒಂದೊಂದೇ ಅಕ್ಷರ ಜಗಿದು ಹೇಳಿದ, "ಸೂಜಿಯ... ಮೊನೆಯಷ್ಟು... ನೆಲವೂ... ಇಲ್ಲ." ಆ ನಿಧಾನದಲ್ಲಿ ಹಠ ಹೇಗೆ ಕೂತಿತು ಅಂದರೆ, ಪಕ್ಕದಲ್ಲಿದ್ದ ವಯಸ್ಸಾದ ಅರ್ಥಧಾರಿಗಳೊಬ್ಬರು ತೊಡೆ ತಟ್ಟಿಕೊಂಡು, "ಇದಪ್ಪ ಕೌರವ" ಅಂದರು. ಅವರಿಗೆ ಅವಳು ಯಾರ ಮಗಳು, ಏನು ತೊಂದರೆ ಅಂತ ಗೊತ್ತಿರಲಿಲ್ಲ. ವಾಕರನ್ನು ಕಂಬದ ಹಿಂದೆ ಇಟ್ಟಿದ್ದರು.

ಈ ಸಲ ಕಪ್ಪು ಯಾರಿಗೂ ಇರಲಿಲ್ಲ. ಲಗೋರಿಯಲ್ಲಿ ಮಗಳ ಕಡೆಯವರು ಒಟ್ಟು ಏಳು ಪಂದ್ಯ ಆಡಿ ಮೂರು ಗೆದ್ದರು. ಅಂಕಿ ಅವಳೇ ಹೇಳಿದ್ದು.

ಕಳಿಸುವ ಯೋಚನೆ ಇರುವವರಿಗೆ ಒಂದೆರಡು ಮಾತು. ಯಾವ ಶಿಬಿರವಾದರೂ ಸರಿ, ರ‍್ಯಾಂಪ್ ಇದೆಯಾ ಅಂತ ಕೇಳಿ ಸುಮ್ಮನಾಗಬೇಡಿ. "ನನ್ನ ಮಗು ಆಡಲಾಗದ ಆಟ ಬಂದರೆ ಆ ಹೊತ್ತಲ್ಲಿ ಅದು ಏನು ಮಾಡುತ್ತಿರುತ್ತದೆ?" ಅಂತ ಕೇಳಿ. ನೋಡುತ್ತಿರುತ್ತದೆ, ಸ್ಕೋರ್ ಬರೆಯುತ್ತಿರುತ್ತದೆ ಅಂದರೆ ಬೇಡ. ರಾತ್ರಿ ಎಷ್ಟು ಮಕ್ಕಳಿಗೆ ಒಬ್ಬರು ಇರುತ್ತಾರೆ ಅಂತ ಕೇಳಿ, ಇಲ್ಲಿ ನಾಲ್ಕಕ್ಕೆ ಒಬ್ಬರಿದ್ದರು. ಫಿಟ್ಸ್ ಬರುವ ಮಕ್ಕಳಿದ್ದರೆ ಹತ್ತಿರದ ಆಸ್ಪತ್ರೆ ಎಷ್ಟು ದೂರ, ರಾತ್ರಿ ವಾಹನ ಇರುತ್ತದಾ ಅಂತ ಬರೆಸಿಕೊಳ್ಳಿ. ಸ್ಪ್ಲಿಂಟಿನೊಳಗೆ ಹಾಕುವ ಕಾಲುಚೀಲ ಆರು ಜೊತೆ ಕಳಿಸಿ, ಏಪ್ರಿಲ್ ಮಳೆಗೆ ಒಣಗುವುದಿಲ್ಲ. ಒದ್ದೆ ಕಾಲುಚೀಲದಲ್ಲಿ ಚರ್ಮ ಕೆಂಪಾಗಿ ಗಾಯವಾಗುತ್ತದೆ. ತೀರಾ ಹೆಚ್ಚಿನ ಆರೈಕೆ ಬೇಕಾದ ಮಗುವಿಗೆ ಮನೆಯವರೊಬ್ಬರು ಜೊತೆಗಿರುವುದು ಈಗಿನ ಸ್ಥಿತಿಯಲ್ಲಿ ಒಳ್ಳೆಯದು.

ಬರುವ ವರ್ಷಕ್ಕೆ ಮಗಳು ಈಗಲೇ ಹೆಸರು ಕೊಟ್ಟಾಗಿದೆ. ನಾನು ಟೀಚರಿಗೆ ಫೋನ್ ಮಾಡಿ ಬಚ್ಚಲ ಬಾಗಿಲಿನ ಮಾತು ಎತ್ತಿದೆ. ಮನೆಯ ಯಜಮಾನರು ಗೋಡೆ ಒಡೆಯಲು ಒಪ್ಪಿದ್ದಾರಂತೆ, ಬಡಗಿ ಸಿಗುತ್ತಿಲ್ಲವಂತೆ. ಮಂಡಿಗೆ ಬರುವ ಒಬ್ಬ ಬಡಗಿಗೆ ಹೇಳಿದ್ದೇನೆ. 36 ಇಂಚಿನ ಚೌಕಟ್ಟು, ಬಾಗಿಲು ಹೊರಗೆ ತೆಗೆಯುವ ಹಾಗೆ, ಹೊಸ್ತಿಲು ಬೇಡ. ಮಳೆ ಹಿಡಿಯುವುದರೊಳಗೆ ಹೋಗಿ ಅಳತೆ ತೆಗೆದುಕೊಂಡು ಬರುತ್ತೇನೆ ಅಂದಿದ್ದಾನೆ.